ಸಮುದ್ರಕ್ಕೆ ಹೊರಟ ಖಡಕ್ ರೊಟ್ಟಿ

ನೌಕರಿ ಮುಗಿದ ಮೇಲೆ ಹೊತ್ತು ಹೋಗುವುದಿಲ್ಲ ಅನ್ನುವವರನ್ನು ಕಂಡರೆ ನನಗೆ ಆಶ್ಚರ್ಯ. ಸಿಂಧನೂರಿನ ನಮ್ಮ ಮನೆಯಲ್ಲಿ ನಾನು ಕುರ್ಚಿಯಿಂದ ಏಳದಿದ್ದರೂ ಏನಾದರೊಂದು ನಡೆದೇ ಇರುತ್ತದೆ. ಈಚೆಗೆ ನಡೆದದ್ದು ಸಮುದ್ರದ ಪ್ರಕರಣ. ನಮ್ಮ ಓಣಿಯ ಅರ್ಧ ಜನ ಸಮುದ್ರವನ್ನು ಟೀವಿಯಲ್ಲಷ್ಟೇ ನೋಡಿದವರು, ಆ ಮಾತು ಬೇರೆ.

ಗಾಳಿ

ನಮ್ಮ ಅಣ್ಣನ ಮಗಳು ಹಾಯಿದೋಣಿ ನಡೆಸುವವಳು. ಮಹಾಸಾಗರ ದಾಟುವ ಪಂದ್ಯಕ್ಕೆ ಹೊರಟ ತಂಡದಲ್ಲಿ ಊಟದ ಉಸ್ತುವಾರಿ ಅವಳದು. ದೋಣಿಯಲ್ಲಿ ಪ್ಲಾಸ್ಟಿಕ್ ಇರಬಾರದು, ನೀರಿಗೆ ಚೂರು ಕಸ ಬೀಳಬಾರದು ಎಂದು ಕಟ್ಟುನಿಟ್ಟು. ಬಹಳ ದಿನ ಕೆಡದ ಊಟ ಬೇಕಲ್ಲ, ಖಡಕ್ ರೊಟ್ಟಿ ಹುಡುಕಿಕೊಂಡು ಊರಿಗೆ ಬಂದಳು. ಪಕ್ಕದ ಮನೆಯ ಭತ್ತದ ರೈತ ವಿಚಾರಣೆಗೆ ಕೂತ.

"ಇಂಜಿನ್ ಇಲ್ಲೇನವಾ?"

"ಓಡಸೋ ಹಂಗಿಲ್ಲ ಕಾಕಾ. ಗಾಳಿ ಮ್ಯಾಲೆ ಹೋಗಬೇಕು."

"ಗಾಳಿ ನಿಂತ್ರ?"

"ಬರೋತನಕ ಕಾಯೋದು."

"ಕಾಲುವಿ ಕೊನಿಗೆ ಹೊಲ ಇರೋ ನಾವೂ ನೀರಿಗೆ ಹಂಗ ಕಾಯ್ತೀವಿ. ನಮಗ್ಯಾರೂ ಕಪ್ ಕೊಟ್ಟಿಲ್ಲ ನೋಡು!"

ಚೀಲ

ರೊಟ್ಟಿ ತುಂಬಲು ಬರೀ ಅರಿವೆಯ ಚೀಲ ಹೊಲಿಯೆಂದು ಲಿಂಗಸುಗೂರಿನ ದರ್ಜಿಗೆ ಹೇಳಿದೆವು. ಸಮುದ್ರಕ್ಕೆ ಹೋಗುವ ಚೀಲವೆಂದು ಭಾರಿ ಮುತುವರ್ಜಿಯಿಂದ ಹೊಲಿದ. ಮುಟ್ಟಿದರೆ ಒಳಗೆ ಸರಸರ ಸದ್ದು. ತಿರುವಿ ನೋಡಿದರೆ, ಅಸ್ತರಕ್ಕೆ ಯೂರಿಯಾ ಚೀಲ!

"ಪ್ಲಾಸ್ಟಿಕ್ ಬ್ಯಾಡ ಅಂತ ಹೇಳಿದ್ದಿಲ್ಲೇನೋ?"

"ಅದಕ್ಕ ಒಳಗ ಹಾಕೀನ್ರೀ ಸರ. ಹೊರಗ ಪರಿಸರಾನ ಕಾಣ್ತದ."

ಪರೀಕ್ಷೆ

ದೋಣಿಯ ನಾಯಕಿಗೆ ರೊಟ್ಟಿಯ ಮೇಲೆಯೇ ಅನುಮಾನ. ಸಮುದ್ರದ ತೇವದಲ್ಲಿ ರೊಟ್ಟಿ ಮೆತ್ತಗಾದರೆ ಬೂಸು ಬರುತ್ತದೆ. ಪರೀಕ್ಷೆ ಮಾಡಿ ತೋರಿಸು, ಇಲ್ಲವಾದರೆ ನಿನ್ನ ಜಾಗಕ್ಕೆ ಬೇರೆಯವರು ಎಂದುಬಿಟ್ಟಿದ್ದಳು. ಹುಡುಗಿಯ ಮುಖ ಬಾಡಿತು. ಸಮುದ್ರದಂಥ ತೇವವನ್ನು ನಮ್ಮ ಬಿಸಿಲಿನೊಳಗೆ ಎಲ್ಲಿಂದ ತರುವುದು? ಭತ್ತ ಕುದಿಸುವ ಮಿಲ್ಲು ನನಗೇ ಹೊಳೆಯಿತು. ಅಲ್ಲಿ ಸದಾ ಉಗಿ. ಮಸ್ಕಿಯ ನಮ್ಮಕ್ಕ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ಬಡಿದು ಕಳಿಸಿದ ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿ ಮಿಲ್ಲಿನ ತೊಲೆಗೆ ತೂಗುಹಾಕಿ ಬಂದೆವು.

ವಾರ ಬಿಟ್ಟು ಹೋದೆವು. ಫೋನಿನ ಪರದೆಯಲ್ಲಿ ನಾಯಕಿ ಕಾಯುತ್ತಿದ್ದಾಳೆ. ನೋಡಿದರೆ ತೊಲೆಗೆ ಬರೀ ಹಗ್ಗ!

"ರೊಟ್ಟಿ ಎಲ್ಲಿ?" ಎಂದೆ.

ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲರ ಮುಖ್ಯಸ್ಥ ಸಂಕೋಚವಿಲ್ಲದೆ, "ತಿಂದ್ವಿರೀ. ಭಾಳ ಖಡಕ್ ಇದ್ದವು," ಎಂದ.

ಹುಡುಗಿಗೆ ಆಸೆ ಮೂಡಿತು. "ಖಡಕ್ ಇದ್ದವಾ? ಯಾವಾಗ ತಿಂದ್ರಿ?"

"ನೀವು ಕಟ್ಟಿ ಗೇಟ್ ದಾಟೋದ್ರೊಳಗ."

ಅವಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆದರೂ ಸುಳ್ಳು ಹೇಳದೆ ನಾಯಕಿಗೆ ಇಂಗ್ಲಿಷಿನಲ್ಲಿ ಎಲ್ಲ ಒಪ್ಪಿಸಿದಳು. ಆಕೆ ಗಂಭೀರವಾಗಿ, "ಕಸ ಏನು ಉಳಿಯಿತು?" ಎಂದಳು. ಹುಡುಗಿ ಅದನ್ನು ಕನ್ನಡದಲ್ಲಿ ಕೇಳಿದಳು.

"ಎಲ್ಲಿ ಕಸರೀ? ಚೂರು ಇರುವಿ ಒಯ್ದವು. ಅರಿವಿ ಇಲ್ಲೈತಿ," ಎಂದು ಮುಖ್ಯಸ್ಥ ತನ್ನ ತಲೆಯ ರುಮಾಲು ತೋರಿಸಿದ.

ಅದು ಇಂಗ್ಲಿಷಿಗೆ ತಿರುಗಿದ್ದೇ ತಡ, ನಾಯಕಿ ನಕ್ಕಳು, ನಕ್ಕಳು, ಪರದೆಯಿಂದಲೇ ಮಾಯವಾದಳು. ತಿರುಗಿ ಬಂದು, "ರೊಟ್ಟಿ ತಗೊಂಡು ನೀನೇ ಬಾ. ನನ್ನ ತಂಡದವರೂ ಇಂಥವರೇ, ಮೆತ್ತಗಾಗುವತನಕ ಯಾರು ಬಿಡುತ್ತಾರೆ?" ಎಂದಳು.

ಹುಡುಗಿ ಕುಣಿದಾಡಿದಳು. ಹಮಾಲರ ಮುಖ್ಯಸ್ಥ ಮಾತ್ರ ನನ್ನ ಹತ್ತಿರ ಬಂದು, ಬಹಳ ಕಾಳಜಿಯಿಂದ, ಮೆಲ್ಲಗೆ ಹೇಳಿದ:

"ಸರ, ಅಷ್ಟು ದೂರ ಬರೀ ರೊಟ್ಟಿ ಹೆಂಗ ತಿಂತಾರ್ರೀ? ಹಚ್ಚಿಕೊಳ್ಳಾಕ ಶೇಂಗಾ ಹಿಂಡೀನೂ ಒಂದ್ಸಲ ಪರೀಕ್ಷಾಕ್ಕ ಇಡ್ರಿ."