ದೂರ ಎರಡರಷ್ಟು, ಎಳೆತ ಕಾಲುಭಾಗ

ನಾನು ದೇವರ ಮುಂದೆ ಕಣ್ಣು ಮುಚ್ಚಿದ ಕೂಡಲೇ ನಮ್ಮ ಯಜಮಾನರಿಗೆ ಕಣ್ಣು ಕಾಣಿಸುವುದು ನಿಂತುಹೋಗುತ್ತದೆ. "ಇವಳೇ, ನನ್ನ ಕನ್ನಡಕ ಎಲ್ಲಿ?" ಅದು ಸಿಕ್ಕಿದರೆ ಟವೆಲ್ಲು ಕಾಣೆ. ಆಮೇಲೆ ಪೇಪರು, ಪೆನ್ನು. (ಎಲ್ಲವೂ ಸಾಮಾನ್ಯವಾಗಿ ಅವರ ಮೈಮೇಲೆಯೋ ಕೈಯಳತೆಯಲ್ಲೋ ಇರುತ್ತವೆ.) ದಿನವಿಡೀ ನನ್ನದೆನ್ನುವ ಹೊತ್ತು ಅದೊಂದೇ. ಬಿಟ್ಟುಕೊಡುವುದಿಲ್ಲವೆಂದು ಶಪಥ ಮಾಡಿದೆ.

ಅಸ್ತ್ರ ಸಿಕ್ಕಿದ್ದು ಅವರಿಂದಲೇ. ಅವರು ವಿಜ್ಞಾನದ ಮೇಷ್ಟ್ರು. ಸಂಜೆ ಹಜಾರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾರೆ. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ಬಿಡಿಸುತ್ತಾ ಕೇಳುತ್ತೇನೆ. ನನ್ನ ಓದೆಲ್ಲ ಹೀಗೆ ಬಾಗಿಲ ಈಚೆಯದೇ. ಲೋಕದ ಯಾವ ಎರಡು ವಸ್ತುಗಳೂ ಒಂದನ್ನೊಂದು ಎಳೆಯುತ್ತವಂತೆ. ತೂಕ ಹೆಚ್ಚಿದಷ್ಟೂ ಎಳೆತ ಹೆಚ್ಚು. ದೂರ ಎರಡರಷ್ಟಾದರೆ ಎಳೆತ ಅರ್ಧವಲ್ಲ, ಕಾಲುಭಾಗ! ಅಂದರೆ ಅವರ ನಾಲ್ಕು ಕೂಗುಗಳಲ್ಲಿ ಟವೆಲ್ಲು, ಪೇಪರು, ಪೆನ್ನು ಹೋಗಿ ಕನ್ನಡಕವೊಂದೇ ಉಳಿಯಬೇಕು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಮುಂದಿನದು ಕೇಳಿಸಲಿಲ್ಲ.

ಮರುದಿನವೇ ಪಟ, ದೀಪ, ಮಣೆಗಳ ಸಮೇತ ಮಹಡಿಯ ಕೋಣೆಗೆ ದಂಡಯಾತ್ರೆ ಹೊರಟೆ.

"ಇದೇನೇ, ದೇವರಿಗೆ ವರ್ಗಾವಣೆ?"

"ಎಳೆತ ಕಡಿಮೆ ಮಾಡ್ತಿದ್ದೀನಿ. ನಿಮ್ಮದೇ ಪಾಠ."

"ಪೂರ್ತಿ ಕೇಳಿಸ್ಕೊಂಡ್ಯಾ?"

"ಬೇಕಾದಷ್ಟು ಕೇಳಿಸ್ಕೊಂಡೆ!"

ಮೇಲೆ ಹೋಗಿ ಕಣ್ಣು ಮುಚ್ಚಿದೆ. ಕೆಳಗಿನಿಂದ ಚಕಾರವಿಲ್ಲ. ಗೆದ್ದೆ! ಮತ್ತಷ್ಟು ಹೊತ್ತಾಯಿತು, ಆಗಲೂ ಸದ್ದಿಲ್ಲ. ಕನ್ನಡಕ ಸಿಕ್ಕಿತೇ? ಸಿಗದೆ ಎಡವಿಬಿಟ್ಟರೇ? ಬಚ್ಚಲಲ್ಲಿ ಜಾರಿದರೇ? ದೇವರ ನಾಮಗಳ ನಡುವೆ ಟವೆಲ್ಲು ನುಸುಳಿತು. ದಡದಡನೆ ಇಳಿದು ಓಡಿದೆ.

ಕನ್ನಡಕ ಮೂಗಿನ ಮೇಲೆ, ಟವೆಲ್ಲು ಹೆಗಲ ಮೇಲೆ. ಮಹಾಶಯರು ಪೇಪರು ಓದುತ್ತಿದ್ದರು.

"ಯಾಕೆ ಬಂದೆ? ನಾನು ಕರೀಲೇ ಇಲ್ವಲ್ಲ!"

ಸೋಲೊಪ್ಪಿಕೊಳ್ಳುವವಳೇ ನಾನು? "ದೂರವೇನೋ ಎರಡರಷ್ಟಾಯ್ತು ರೀ. ಆದರೆ ಮದುವೆಯಾದಾಗಿಂದ ನಿಮ್ಮ ತೂಕ ನಾಲ್ಕರಷ್ಟಾಗಿದೆ. ಎಳೆತ ಮೊದಲಿದ್ದಲ್ಲಿಗೇ ಬಂತು, ಅಷ್ಟೇ!"

ಅವರು ಪೇಪರು ಮಡಿಸಿದರು. "ಕುಕ್ಕರ್ ಕೂಗಿದ್ದು ಅಲ್ಲೇ ನೋಡು. ಒಬ್ಬರ ತೂಕ ಅಲ್ಲ ಕಣೇ, ಇಬ್ಬರದನ್ನೂ ಗುಣಿಸಬೇಕು. ನಾಲ್ಕು ಅಂದ್ಯಲ್ಲ, ಸರಿಯಾಗೇ ಇದೆ. ನನ್ನದು ಎರಡರಷ್ಟು..." ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದರು. ಉಳಿದ ಲೆಕ್ಕ ಹೇಳುವ ಗೋಜಿಗೆ ಹೋಗಲಿಲ್ಲ.

ದೇವರು ಮಹಡಿಯ ಮೇಲೆಯೇ ಇದ್ದಾನೆ. ಕೆಳಗಿಳಿಸುವುದಿಲ್ಲ. ದಿನಾ ಹತ್ತಿ ಇಳಿದು ನನ್ನ ಪಾಲಿನ ಎರಡನ್ನು ಒಂದಕ್ಕೆ ತಂದೇ ತರುತ್ತೇನೆ. ಹತ್ತುವ ಮುಂಚೆ ಕನ್ನಡಕವನ್ನು ಮಾತ್ರ ನಾನೇ ಅವರ ಮೂಗಿನ ಮೇಲೆ ಕೂರಿಸಿ ಹೋಗುತ್ತೇನೆ.