ನನ್ನ ಸಾಲ ನನಗೆ ವಾಪಸ್ ಕೊಡಿ

ಜೀವನದಲ್ಲಿ ಒಂದು ಪೈಸೆಯೂ ಸಾಲ ಮಾಡದ ಮನುಷ್ಯ ಎಂದು ನಮ್ಮ ಬೆಳಗಿನ ಲೋಕಲ್ ರೈಲಿನಲ್ಲಿ ನನಗೆ ಹೆಸರಿತ್ತು. ಆ ಹೆಸರನ್ನು ಬೇರೆ ಯಾರೂ ಕೊಟ್ಟಿದ್ದಲ್ಲ, ನಾನೇ ಇಟ್ಟುಕೊಂಡದ್ದು! ಮಾತು ಈರುಳ್ಳಿ ಬೆಲೆಯಿಂದ ಶುರುವಾಗಲಿ, ಅಳಿಯನ ನೌಕರಿಯಿಂದ ಶುರುವಾಗಲಿ, ಸಯನ್‌ನಿಂದ ದಾದರ್ ತಲುಪುವಷ್ಟರಲ್ಲಿ ಅದನ್ನು ನನ್ನ ಸಾಲಮುಕ್ತ ಬದುಕಿಗೆ ತಂದು ನಿಲ್ಲಿಸುತ್ತಿದ್ದೆ. ಕೊನೆಕೊನೆಗೆ ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ಗೆಳೆಯರು ಕೂತ ಸೀಟು ಬಿಟ್ಟೆದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು.

ಇಂಥ ನಾನು ಗೃಹಸಾಲ ಕೇಳುವ ಕಾಲ ಬಂತು. ಸಯನ್‌ನಲ್ಲಿ ನಾವು ಬಾಡಿಗೆಗಿರುವ ಫ್ಲ್ಯಾಟಿನ ಮಾಲೀಕರು ಸಾವಂತ್ ಕಾಕಾ. ಅವರು ಮನೆ ಮಾರಿ ನಾಸಿಕದ ಮಗಳ ಹತ್ತಿರ ಹೋಗುವವರಿದ್ದರು. "ಮೊದಲು ನಿಮ್ಮನ್ನೇ ಕೇಳುತ್ತಿದ್ದೇನೆ. ಈ ತಿಂಗಳೊಳಗೆ ಲೋನ್ ಮಾಡಿಸಿ, ಇಲ್ಲದಿದ್ದರೆ ಬ್ರೋಕರ್‌ಗೆ ಹೇಳುತ್ತೇನೆ" ಅಂದರು. ಮನೆ ಕೈತಪ್ಪಿದರೆ ಅದೇ ಬಾಡಿಗೆಗೆ ನಮಗೆ ಬೇರೆ ಮನೆ ಸಿಗುವುದು ಎಲ್ಲೋ ದೂರದ ಬದ್ಲಾಪುರದಾಚೆಯೇ. ನನ್ನ ಹೆಂಡತಿ ವಿಜಯಾ ಮದುವೆಯಾಗಿ ಧಾರವಾಡದಿಂದ ಬಂದು ಇಳಿದದ್ದು ಇದೇ ಮನೆಗೆ. ಅವಳು ಅಡುಗೆಮನೆಯ ಗೋಡೆಯನ್ನು ಒಮ್ಮೆ ಸವರಿದಳು. ಮನೆಗಾಗಿ ಮಾಡುವ ಸಾಲ ಸಾಲವೇ ಅಲ್ಲ ಎಂದು ನಾನು ಅಲ್ಲೇ ತೀರ್ಪು ಕೊಟ್ಟುಕೊಂಡೆ.

ಬ್ಯಾಂಕಿನಲ್ಲಿ ಲೋನ್ ನೋಡುವವರು ಉಡುಪಿ ಕಡೆಯ ಶೆಟ್ಟರು. ಕಂಪ್ಯೂಟರ್ ನೋಡಿ ಮುಖ ಅರಳಿಸಿದರು.

"ನಿಮ್ಮ ಕ್ರೆಡಿಟ್ ಸ್ಕೋರ್ ಲಾಯ್ಕುಂಟು ಮಾರಾಯ್ರೆ! ಹಿಂದಿನ ಸಾಲದ ಕಂತು ಒಂದೂ ತಪ್ಪಿಸ್ಲಿಲ್ಲ ನೀವು."

"ಯಾವ ಸಾಲ?"

"ಅಂಧೇರಿಯ ಒಂದು ಫೈನಾನ್ಸ್ ಕಂಪನಿಯದ್ದು. ಸಣ್ಣದು, ತೀರಿ ಹೋಗಿದೆ."

"ನಾನಾ? ಸಾಲವಾ?" ನನ್ನ ದನಿಗೆ ಇಡೀ ಬ್ರಾಂಚು ತಿರುಗಿ ನೋಡಿತು.

"ಸುಮ್ಮನಿರಿ, ಅದರಿಂದ ನಿಮಗೆ ಒಳ್ಳೆದೇ ಆದದ್ದು" ಅಂದರು ಶೆಟ್ಟರು. ಬುದ್ಧಿ ಇದ್ದವನು ಸುಮ್ಮನಿರುತ್ತಿದ್ದ.

ಮನೆಗೆ ಬಂದು ಕಂಪನಿಯ ಘೋರ ಅನ್ಯಾಯವನ್ನು ವಿಜಯಾಳಿಗೆ ವರದಿ ಮಾಡಿದೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅವಳ ಕೈ ತಟ್ಟನೆ ನಿಂತಿತು.

"ತೀರೇದಲ್ಲ, ಬಿಡ್ರಿ ಅತ್ಲಾಗ. ಬ್ಯಾಂಕಿನವ್ರಿಗೇ ಬ್ಯಾಡಾದದ್ದು ನಿಮಗ್ಯಾಕ ಬೇಕು?"

"ಇದು ಹಣದ ಪ್ರಶ್ನೆಯಲ್ಲ, ತತ್ವದ ಪ್ರಶ್ನೆ!"

"ತತ್ವ ಬಂದು ಬಾಡಿಗಿ ಕಟ್ಟತದೇನು? ಒಂದ ಮಾತ ಹೇಳ್ತೀನಿ, ಕೇಳ್ರಿ ಇಲ್ಲೆ…"

ಟ್ರಾಫಿಕ್ ಪೊಲೀಸನ ಹಾಗೆ ಕೈ ಎತ್ತಿ ಅವಳನ್ನು ತಡೆದೆ. ನನ್ನೊಳಗಿನ ಗ್ರಾಹಕ ಎಚ್ಚೆತ್ತಿದ್ದ!

"ಹುಟ್ಟಿದಾರಭ್ಯ ಸಾಲದ ಮುಖವನ್ನೇ ಕಾಣದ, ಮರ್ಯಾದಸ್ಥನಾದ ಈ ಕೆಳಗೆ ಸಹಿ ಮಾಡಿದವನು" ಎಂಬ ಅರ್ಥ ಬರುವಂತೆ ಕಂಪನಿಗೆ ಇಂಗ್ಲಿಷಿನಲ್ಲಿ ದೂರು ಬರೆದೆ. ಉತ್ತರ ತಡವಾಯಿತು. ಆಫೀಸಿಗೆ ರಜೆ ಹಾಕಿ ಅಂಧೇರಿಗೇ ನುಗ್ಗಿದೆ. ಮ್ಯಾನೇಜರ್ ಚಿಕ್ಕ ವಯಸ್ಸಿನವನು. ಹಳೆಯ ಕಾಗದಗಳು ಗೋಡೌನಿನಲ್ಲಿವೆ, ಹುಡುಕಬೇಕು ಅಂದ. "ಕಾಗದ ತೋರಿಸಿ, ಇಲ್ಲವೇ ಸಾಲ ಅಳಿಸಿ! ಎರಡೂ ಆಗದಿದ್ದರೆ ಗ್ರಾಹಕರ ಕೋರ್ಟಿನಲ್ಲಿ ಸಿಗೋಣ!" ಎಂದು ಮೇಜು ಕುಟ್ಟಿದೆ. ಅವನ ಚಹಾ ಚೆಲ್ಲಿತು. ಗೋಡೌನಿನಲ್ಲಿ ಕಾಗದ ಸಿಗಲಿಲ್ಲ. ಸ್ವಲ್ಪ ದಿನಕ್ಕೆ ಕ್ಷಮಾಪಣೆಯೂ ಬಂತು, ನನ್ನ ಹೆಸರಿನಲ್ಲಿದ್ದ ಸಾಲವೂ ಅಳಿಸಿಹೋಯಿತು. ಲೋಕಲ್‌ನ ಗೆಳೆಯರಿಗೆಲ್ಲ ವಡಾಪಾವ್ ಕೊಡಿಸಿದೆ. ಆ ದಿನ ಯಾರೂ ಬಾಗಿಲಿಗೆ ಹೋಗಲಿಲ್ಲ.

ಎದೆ ಉಬ್ಬಿಸಿಕೊಂಡು ಶೆಟ್ಟರ ಮುಂದೆ ಕೂತೆ. ಅವರು ಕಂಪ್ಯೂಟರನ್ನು ಒರೆಸಿ ಮತ್ತೆ ನೋಡಿದರು.

"ನಿಮ್ಮ ಸ್ಕೋರ್ ಎಲ್ಲಿ ಹೋಯ್ತು?"

"ಹೋಯಿತಾ? ಎಲ್ಲಿಗೆ?"

"ಇದ್ದದ್ದೇ ಒಂದು ಸಾಲ, ಅದನ್ನೂ ತೆಗೆಸಿದ್ರಾ? ಈಗ ಬ್ಯಾಂಕಿನ ಲೆಕ್ಕದಲ್ಲಿ ನೀವು ಹುಟ್ಟಲೇ ಇಲ್ಲ ಮಾರಾಯ್ರೆ!"

"ಸಾಲವೇ ಮಾಡದವನಿಗೆ ಸಾಲ ಕೊಡುವುದಕ್ಕೆ ನಿಮಗೇನು ಹೆದರಿಕೆ?"

"ನೀವು ತೀರಿಸ್ತೀರಿ ಅಂತ ನಮಗೆ ಗೊತ್ತಾಗುವುದು ಹೇಗೆ? ಮೇಲಿನವರು ಒಪ್ಪುವುದಿಲ್ಲ."

ತಿಂಗಳು ಮುಗಿಯುತ್ತಾ ಬಂದಿತ್ತು. ಮನೆಗೆ ಬಂದು ಕುಸಿದು ಕೂತು ನಡೆದದ್ದನ್ನು ಹೇಳಿದೆ. ವಿಜಯಾ ತಣ್ಣೀರು ತಂದುಕೊಟ್ಟಳು.

"ಈಗರೆ ಕೇಳ್ತೀರೇನು? ಆ ಸಾಲ ನಮ್ಮ ಫ್ರಿಜ್ಜಿಂದು."

"ಯಾವ ಫ್ರಿಜ್?"

"ಈಗ ನೀರ ಕುಡದ್ರಲ್ಲ, ಆ ಫ್ರಿಜ್! ನೀವ ಸಹಿ ಮಾಡೀರಿ, ಕ್ರಿಕೆಟ್ ನೋಡ್ಕೋತ. ಇದೇನು, ವಾರಂಟಿ ಕಾಗದ ಏನು ಅಂದ್ರಿ. ನಾ ಹೂಂ ಅಂದೆ. ಹುಡುಗ್ರಿಗೆ ಟ್ಯೂಷನ್ ಹೇಳಿದ ರೊಕ್ಕದಾಗ ನಾನ ಕಂತು ತುಂಬೀನಿ."

"ಆಗಲೇ ಹೇಳಬಾರದಿತ್ತೇ?"

"ಹೇಳಿದ್ರ ಸಾಲ ಅಂದ್ರ ಏನು ಅಂತ ಭಾಷಣ ಶುರು ಮಾಡ್ತಿದ್ರಿ. ಬ್ಯಾಸಗ್ಯಾಗ ದಿನಾ ಹಾಲು ಒಡೀತಿತ್ತು, ಭಾಷಣ ಕೇಳಿ ಹಾಲು ಸುಮ್ಮನ ಇರ್ತದೇನು?"

ನನಗೆ ಸಿಟ್ಟು ಬರಬೇಕಾಗಿತ್ತು, ನಾಚಿಕೆ ಬಂತು. ನನ್ನ ಸ್ಕೋರು ಎಂದು ಶೆಟ್ಟರು ಹೊಗಳಿದ್ದೆಲ್ಲ ಇವಳ ದುಡಿಮೆ. ಅದನ್ನು ನಾನು ಮೇಜು ಕುಟ್ಟಿ ಅಳಿಸಿ ಬಂದಿದ್ದೆ.

ಮರುದಿನ ಮತ್ತೆ ಅಂಧೇರಿ. ನನ್ನನ್ನು ಕಂಡೊಡನೆ ಮ್ಯಾನೇಜರ್ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಆ ಸಾಲ ನನ್ನದೇ. ದಯವಿಟ್ಟು ವಾಪಸ್ ಕೊಡಿ" ಅಂದೆ.

"ಪಕ್ಕಾ, ಸರ್?"

"ಪಕ್ಕಾ."

ಈಗ ಅವನ ಸರದಿ. ಸಾಲ ಬೇಡ ಅನ್ನುವುದಕ್ಕೆ ಪುರಾವೆ ಕೇಳಲಿಲ್ಲ, ಬೇಕು ಅನ್ನುವುದಕ್ಕೆ ಕೇಳುತ್ತೇವೆ ಅಂದ. ಅಂಗಡಿಯ ಬಿಲ್ಲು ಬೇಕಂತೆ, ಬ್ಯಾಂಕಿನ ಪಾಸ್‌ಬುಕ್ಕು ಬೇಕಂತೆ, ಫ್ರಿಜ್ ಜೊತೆ ಗ್ರಾಹಕನ ಫೋಟೋವೂ ಬೇಕಂತೆ! ಬಿಲ್ಲನ್ನು ವಿಜಯಾ ಜೋಪಾನ ಮಾಡಿಟ್ಟಿದ್ದಳು. ಫೋಟೋಗಾಗಿ ಇಸ್ತ್ರಿ ಅಂಗಿ ತೊಟ್ಟು, ಫ್ರಿಜ್ ಮೇಲೆ ಕೈಯಿಟ್ಟು ನಿಂತೆ.

"ಸ್ವಲ್ಪ ನಗ್ರಿ, ಅದೇನ ಕಡೀತದೇನು?" ಅಂದಳು, ಮೊಬೈಲ್ ಹಿಡಿದು.

ಸಾಲ ವಾಪಸ್ ಬರಲು ತಿಂಗಳು ದಾಟಿತು. ಅಷ್ಟು ದಿನ ಸಾವಂತ್ ಕಾಕಾ ಬ್ರೋಕರನ್ನು ಬಾಗಿಲಲ್ಲೇ ನಿಲ್ಲಿಸಿದ್ದರು. ಅದು ನನ್ನ ಮುಖ ನೋಡಿ ಅಲ್ಲ, ತಮ್ಮ ಮೊಮ್ಮಗಳಿಗೆ ಗಣಿತ ಹೇಳಿಕೊಟ್ಟ ವಿಜಯಾಳ ಮುಖ ನೋಡಿ. ಕೊನೆಗೂ ಗೃಹಸಾಲ ಮಂಜೂರಾಯಿತು. ಕಾಗದಗಳನ್ನು ಒಂದೊಂದಾಗಿ ಓದಿ ಅವಳು ನನ್ನ ಮುಂದಿಟ್ಟಳು, ಅವಳು ತೋರಿಸಿದಲ್ಲೆಲ್ಲ ನಾನು ಸಹಿ ಮಾಡಿದೆ. ಮನೆ ನಮ್ಮದಾಯಿತು.

ಈಗ ನಾನು ರಿಟೈರ್ ಆಗುವವರೆಗೂ ಸಾಲಗಾರ. ನಮ್ಮ ಮನೆಯಲ್ಲಿ ಸಾಲಮುಕ್ತ ಎಂದು ಎದೆ ತಟ್ಟಿ ಹೇಳಿಕೊಳ್ಳುವ ಯೋಗ್ಯತೆ ಇರುವುದು ಸದ್ಯಕ್ಕೆ ಫ್ರಿಜ್ಜೊಂದಕ್ಕೇ. ಪಾಪ, ಅದು ಹೇಳಿಕೊಳ್ಳುವುದಿಲ್ಲ!