ಇಂಜೆಕ್ಷನ್ ಬೇಕೋ ಬೇಡವೋ

ಕನ್ನಡಕದಂಗಡಿಯವನು ಆ ರಜೆಯ ಬೆಳಿಗ್ಗೆ ಕಾಂಪೌಂಡ್ ಗೋಡೆಯ ಪಕ್ಕ ನಿಂತು ಗಟ್ಟಿಯಾಗಿ ಯೋಚಿಸಿದ್ದೇ ತಪ್ಪಾಯಿತು.

"ಕಾರ್ಬುರೇಟರ್ ಹಾಕೋದಾ, ಇಂಜೆಕ್ಷನ್ ಹಾಕಿಸೋದಾ?"

"ಇಂಜೆಕ್ಷನ್ ಹಾಕಿಸ್ಕೊಳ್ಳೋಕೆ ಇಷ್ಟು ಯೋಚನೆ ಯಾಕೆ?" ಎಂದಳು ಮೇಲ್ಮನೆಯ ನಿವೃತ್ತ ನರ್ಸಮ್ಮ, ಬಾಲ್ಕನಿಯಲ್ಲಿ ಬಿಳಿ ಚಾದರಗಳನ್ನು ಹರವುತ್ತ. "ಇರುವೆ ಕಚ್ಚಿದ ಹಾಗೆ ಅಷ್ಟೆ."

"ನನಗಲ್ಲಮ್ಮ, ಕಾರಿಗೆ."

ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬಂದ ಕಾರೊಂದನ್ನು ಅವನು ಶೆಡ್ಡಿನಲ್ಲಿ ತಾನೇ ಜೋಡಿಸುತ್ತಿದ್ದ. ಚಕ್ರ ಬಂದಿತ್ತು, ಸೀಟು ಬಂದಿತ್ತು, ಕೆಂಪು ಬಣ್ಣವೂ ಬಂದಿತ್ತು. ಎಂಜಿನ್ನಿಗೆ ಪೆಟ್ರೋಲು ಉಣಿಸುವುದು ಹೇಗೆ ಎಂಬುದೊಂದೇ ಬಾಕಿ. ಕಾರ್ಬುರೇಟರಾದರೆ ಹಳೇ ಪದ್ಧತಿ: ಎಂಜಿನ್ನು ತಾನೇ ಗಾಳಿ ಎಳೆದುಕೊಂಡು ಅದರ ಜೊತೆ ಪೆಟ್ರೋಲನ್ನೂ ಹೀರುತ್ತದೆ. ಇಂಜೆಕ್ಷನ್ನಾದರೆ ಹೊಸದು: ಪುಟ್ಟ ಕಂಪ್ಯೂಟರು ಅಳೆದು ಅಳೆದು ಚಿಮುಕಿಸುತ್ತದೆ. ದಿನವಿಡೀ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತ "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳುವವನಿಗೆ ತನ್ನ ಸರದಿ ಬಂದಾಗ ಎರಡೂ ಒಂದೇ ಥರ ಕಂಡಿದ್ದವು. ಬಿಡಿಭಾಗದ ಅಂಗಡಿಯವನು ಕನಿಕರದಿಂದ ಎರಡು ಸೆಟ್ಟನ್ನೂ ಕೊಟ್ಟು, "ಬೇಡದ್ದನ್ನ ಇವತ್ತು ಮಧ್ಯಾಹ್ನ ಅಂಗಡಿ ಮುಚ್ಚೋದ್ರೊಳಗೆ ತಂದುಕೊಡಿ. ಆಮೇಲೆ ನಾನು ತಿಂಗಳುಗಟ್ಟಲೆ ಪ್ರವಾಸ" ಎಂದಿದ್ದ.

ಹೆಂಡತಿಯ ತೀರ್ಮಾನ ಇನ್ನೂ ಸರಳವಾಗಿತ್ತು. ಮಡಕೆ ಮಾಡುವುದನ್ನು ಕಲಿತಿದ್ದ ಆಕೆ ಹೇಳಿದ್ದಳು: "ಸಂಜೆಯೊಳಗೆ ಇದು ತನ್ನ ಕಾಲ ಮೇಲೆ ಗೇಟು ದಾಟಬೇಕು. ಇಲ್ಲಾಂದ್ರೆ ಬೀದಿಗೆ ತಳ್ಳಿಸ್ತೀನಿ. ಶೆಡ್ಡು ನನ್ನ ಚಕ್ರಕ್ಕೆ."

ಗೋಡೆಯಾಚೆಯ ಹೊಗೆಮಾವ ಅಷ್ಟು ಹೊತ್ತಿಗೆ ಗೇಟಿನೊಳಗಿದ್ದ. ಆಯುಸ್ಸೆಲ್ಲ ಬಸ್ಸು ಓಡಿಸಿ, ಹೊಗೆಯ ವಾಸನೆಯಲ್ಲೇ ಎಂಜಿನ್ನಿನ ಕಾಯಿಲೆ ಹೇಳುತ್ತಿದ್ದುದರಿಂದ ಆ ಹೆಸರು.

"ಕಾರ್ಬುರೇಟರ್ ಹಾಕು. ಕೆಟ್ಟರೆ ಸ್ಕ್ರೂಡ್ರೈವರ್ ಸಾಕು. ಕಂಪ್ಯೂಟರ್ ಕೆಟ್ಟರೆ ಅದರ ಮುಂದೆ ಕೂತು ಅಳಬೇಕು."

"ಭಾವ, ಕೇಳಬೇಡಿ," ಎಂದ ಹಿಂದಿನಿಂದ ಹೆಂಡತಿಯ ತಮ್ಮ. ಅವನು ಕಂಪ್ಯೂಟರ್ ರಿಪೇರಿಯವನು. ರಜೆ ಎಂದರೆ ಅಕ್ಕನ ಮನೆಗೆ ತಿಂಡಿಗೆ ಹಾಜರು. "ಇಂಜೆಕ್ಷನ್ ಹಾಕಿದ್ರೆ ಚಳಿಗೂ ಸ್ಟಾರ್ಟು, ಮಳೆಗೂ ಸ್ಟಾರ್ಟು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಕನ್ನಡಕದಂಗಡಿಯವನು ಅಡ್ಡಗೋಡೆಯ ಮೇಲೆ ದೀಪವಿಟ್ಟು, "ಎರಡನ್ನೂ ಹಾಕಿ ನೋಡೋಣ" ಎಂದ.

ಮೊದಲು ಹೊಗೆಮಾವನ ಸರದಿ. ಜೋಡಿ ಕಾರ್ಬುರೇಟರು ಎಂಜಿನ್ನಿನ ಪಕ್ಕೆಯಲ್ಲಿ ಕೂತವು. ಕೀ ತಿರುಗಿಸಿದರೆ ಎಂಜಿನ್ನು ಗೊರಗೊರ ಎಂದು ಸುಮ್ಮನಾಯಿತು. "ಪೆಟ್ರೋಲ್ ಇಳೀತಾ ಇದೆಯಾ ನೋಡು" ಎಂದ ಮಾವ. ಕನ್ನಡಕದಂಗಡಿಯವನು ಬಗ್ಗಿ ನೋಡಿದ. ಇಳಿದಿತ್ತು, ಅಗತ್ಯಕ್ಕಿಂತ ಜಾಸ್ತಿಯೇ ಇಳಿದಿತ್ತು. ಎಂಜಿನ್ನು ನೆಗಡಿ ಹಿಡಿದ ಆನೆಯಂತೆ ಒಮ್ಮೆ ಸೀನಿತು. ಅವನ ಎಡಗಡೆಯ ಹುಬ್ಬು ಮಾಯವಾಯಿತು, ನರ್ಸಮ್ಮನ ಚಾದರಗಳು ಬೂದುಬಣ್ಣಕ್ಕೆ ತಿರುಗಿದವು. ಅದಾದ ಮೇಲೆ ಎಂಜಿನ್ನು ಏನೂ ಆಗದಂತೆ ಒಂದಿಷ್ಟು ಹೊತ್ತು ಓಡಿತು. ಹೊಗೆಮಾವ ಒಂದು ರಬ್ಬರ್ ಕೊಳವೆಯನ್ನು ಕಾರ್ಬುರೇಟರಿನ ಬಾಯಿಗಿಟ್ಟು, ಇನ್ನೊಂದು ತುದಿಯನ್ನು ಭಾವಮೈದನ ಕಿವಿಗೆ ಹಿಡಿದ. "ಎರಡೂ ಒಂದೇ ಸಮ ಉಸಿರಾಡಬೇಕು. ಕೇಳು." ಭಾವಮೈದ ಕೇಳಿದ. ಆಮೇಲೆ ಕೊಳವೆಯನ್ನು ತಾನೇ ಕಿತ್ತುಕೊಂಡು ಇನ್ನೊಂದರ ಬಾಯಿಗೂ ಇಟ್ಟು ಕೇಳಿದ.

ಅದು ಕೆಮ್ಮಿ ನಿಂತ ಮೇಲೆ ಇಂಜೆಕ್ಷನ್ನಿನ ಸರದಿ. ವೈರುಗಳು ಹರಡಿದವು, ಲ್ಯಾಪ್‌ಟಾಪು ತೆರೆಯಿತು. ಎಂಜಿನ್ನು ನಾಲ್ಕು ಸುತ್ತು ತಿರುಗಿ ಮುನಿಸಿಕೊಂಡಿತು. ಆದರೆ ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳು ಕುಣಿದವು.

"ಇದೇನಪ್ಪ?" ಎಂದ ಹೊಗೆಮಾವ.

"ಯಾವ ವೈರ್ ಸಡಿಲ ಇದೆ ಅಂತ ಅದೇ ಹೇಳ್ತಿದೆ ಮಾವ."

"ಅದೇ ಹೇಳುತ್ತಾ? ನಾನು ಬಸ್ಸಿನಡಿ ಮಲಗಿ ಹುಡುಕಿದ್ದೇ ಬಂತು." ಮಾವ ಕುರ್ಚಿ ಎಳೆದುಕೊಂಡು ಪರದೆಗೆ ಮೂಗು ತಾಗಿಸಿ ಕೂತ.

ಸಡಿಲವಾದ ವೈರಿಗಾಗಿ ಸಂದಿಯೊಳಗೆ ಕೈ ತೂರಿಸಿದ್ದು ಕನ್ನಡಕದಂಗಡಿಯವನು. ತಗಡು ಅಂಗೈಯನ್ನು ಸೀಳಿತು. ಚಾದರದ ಲೆಕ್ಕ ಚುಕ್ತಾ ಮಾಡಲು ದಡದಡ ಇಳಿದು ಬಂದ ನರ್ಸಮ್ಮ ರಕ್ತ ನೋಡಿದ್ದೇ ಜಗಳ ಮರೆತಳು. ಪೆಟ್ಟಿಗೆ ತಂದು ಗಾಯ ತೊಳೆದು ಕಟ್ಟಿ, ತೋಳಿಗೆ ಸೂಜಿ ಚುಚ್ಚಿಯೇಬಿಟ್ಟಳು. ಅಂತೂ ಆ ಶೆಡ್ಡಿನಲ್ಲಿ ಇಂಜೆಕ್ಷನ್ ಸರಿಯಾಗಿ ಹತ್ತಿದ್ದು ಅವನೊಬ್ಬನಿಗೇ.

"ಹೋಗಿ ಸ್ವಲ್ಪ ಮಲಗು," ಎಂದಳು ಆಕೆ. ಅವನು ಮಲಗಿದ. ಒಂದು ಹುಬ್ಬಿನ ಮುಖ ದಿಂಬಿಗೆ ತಾಗಿದ್ದೇ ತಡ, ಗಾಢ ನಿದ್ದೆ.

ಎದ್ದಾಗ ಬಿಸಿಲು ಇಳಿಯತೊಡಗಿತ್ತು. ಕಣ್ಣು ಬಿಡುವಾಗಲೇ ಮನಸ್ಸು ತಿಳಿಯಾಗಿತ್ತು: ಯಾವುದಾದರೂ ಸರಿ, ಶೆಡ್ಡಿಗೆ ಹೋದ ಕೂಡಲೇ ಕೈಗೆ ಮೊದಲು ಸಿಕ್ಕಿದ್ದನ್ನು ಹಾಕಿಬಿಡುವುದು. ಜೀವನದಲ್ಲಿ ಮೊದಲ ಬಾರಿ ಒಂದು ನಿರ್ಧಾರ ಮಾಡಿದ ಖುಷಿಯಲ್ಲಿ ಅವನು ಶೆಡ್ಡಿಗೆ ನಡೆದ.

ಮೇಜು ಖಾಲಿ. ಎಂಜಿನ್ನಿನ ಪಕ್ಕೆಯೂ ಖಾಲಿ, ಹಲ್ಲು ಕಿತ್ತ ಬಾಯಿಯ ಹಾಗೆ.

ಹೊಗೆಮಾವ ನಗುತ್ತ ಒಳಬಂದ. "ನಿನ್ನ ಭಾವಮೈದ ಹೇಳಿದ್ದೇ ಸರಿ. ಕಾಲ ಬದಲಾಗಿದೆ. ಅವನಿಗೆ ಆಶ್ಚರ್ಯ ಆಗಲಿ ಅಂತ, ಅವನು ಊಟಕ್ಕೆ ಹೋದಾಗ ಕಾರ್ಬುರೇಟರನ್ನ ವಾಪಸ್ ಕೊಟ್ಟುಬಂದೆ. ಇಂಜೆಕ್ಷನ್ ಹಾಕು."

"ಎಲ್ಲಿದೆ ಮಾವ ಇಂಜೆಕ್ಷನ್?"

ಉತ್ತರ ಬಂದದ್ದು ಬಾಗಿಲಿನಿಂದ. ಸೈಕಲ್ ಒರಗಿಸುತ್ತ ಭಾವಮೈದ ಹೇಳಿದ: "ಅದನ್ನ ಈಗ ತಾನೇ ಹಿಂದಿರುಗಿಸಿ ಬಂದೆ ಭಾವ. ಮಾವನೇ ಗೆದ್ದರು. ಆ ಉಸಿರಾಟ ಕೇಳಿದ ಮೇಲೆ ಕಂಪ್ಯೂಟರ್ ಯಾರಿಗೆ ಬೇಕು? 'ಒಂದು ಡಬ್ಬ ಆಗ್ಲೇ ಬಂತಲ್ಲ' ಅಂತೇನೋ ಅಂದ ಅಂಗಡಿಯವನು. ಶಟರ್ ಎಳೆಯೋ ಅವಸರದಲ್ಲಿದ್ದ, ನಾನೂ ಕೇಳಲಿಲ್ಲ."

ಮೂವರೂ ಖಾಲಿ ಮೇಜಿನ ಕಡೆ ತಿರುಗಿದರು.

"ಅಂಥಾ ಚೆನ್ನಾದ ಇಂಜೆಕ್ಷನ್ ಸೆಟ್ಟನ್ನ ಕೊಟ್ಟುಬಂದ್ಯಾ?" ಎಂದ ಹೊಗೆಮಾವ, ಮುಖ ಕೆಂಪೇರಿ. "ಚಳಿಗೂ ಸ್ಟಾರ್ಟು, ಮಳೆಗೂ ಸ್ಟಾರ್ಟು."

"ಕೆಟ್ಟರೆ ಅದರ ಮುಂದೆ ಕೂತು ಅಳ್ತೀರಾ ಮಾವ? ಕಾರ್ಬುರೇಟರಿಗೆ ಸ್ಕ್ರೂಡ್ರೈವರ್ ಸಾಕಾಗಿತ್ತು."

ವಾದ ಬೆಳಿಗ್ಗೆ ಬಿಟ್ಟಲ್ಲಿಂದಲೇ ಶುರುವಾಯಿತು; ಆಳು ಮಾತ್ರ ಅದಲು ಬದಲು. ಅಷ್ಟರಲ್ಲಿ ಹೆಂಡತಿ ಮಡಕೆಯ ಚಕ್ರವನ್ನು ಬಾಗಿಲವರೆಗೆ ಉರುಳಿಸಿಕೊಂಡು ಬಂದಿದ್ದಳು. ಇಬ್ಬರೂ ಮಾತು ನಿಲ್ಲಿಸದೆಯೇ ಕಾರನ್ನು ಗೇಟಿನಾಚೆ ತಳ್ಳಿ, ಬಂದು ಚಕ್ರದ ಒಂದೊಂದು ಬದಿ ಎತ್ತಿದರು.

"ರೀ, ಕಿಟಕಿ ಹತ್ರ ಇಡಿಸಲಾ, ಬಾಗಿಲ ಹತ್ರಾನಾ?" ಎಂದು ಆಕೆ ಗಂಡನನ್ನು ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ ಮಾವ "ಕಿಟಕಿ" ಎಂದ, ಭಾವಮೈದ "ಬಾಗಿಲು" ಎಂದ.